ಕುಬೇರನ ಮಗಳ ಲೋಕಸೇವೆ

ಐಶ್ವರ್ಯವನ್ನು ಗಳಿಸುವುದು ಕಷ್ಟವೆಂದು ಲೋಕವು ಹೇಳುತ್ತದೆ. ಗಳಿಸದೆ ಬಂದ ಐಶ್ವರ್ಯವನ್ನು ಯೋಗ್ಯವಾಗಿ ವಿನಿಯೋಗಿಸುವುದು ಅದಕ್ಕಿಂತಲೂ ಕಷ್ಟವೆಂದು ನಾವು ಭಾವಿಸುತ್ತೇವೆ. ತಂದೆಯ ಹಣದಿಂದ ಹೆಸರಾದವರು ಬಹುಮಂದಿ. ತನ್ನ ದುಡಿಮೆಯಿಂದ ಪರದೇಶದ ರೈತರಿಗೆ ಬೇಕಾದವರು ವಿರಳ. ಅಂತಹ ವಿರಳರಲ್ಲೊಬ್ಬಳಾದ ಅಮೇರಿಕೆಯ ಆನ್ ಮೋರ್ಗನ್ನಳ ಜೀವನವು ವಿಚಾರಾರ್ಹವಾದುದು.

ಈಕೆಯು 1873ನೆಯ ಜುಲೈ 25ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ, ಹಡ್ಸನ್ ನದಿಯ ದಡದ ಹೈಲೆಂಡ್ ಫಾಲ್ಸ್ ಎಂಬಲ್ಲಿ ಜನಿಸಿದಳು. ತಂದೆ ಪಿಯರ್‌ಪಾಂಟ್ ಮೋರ್ಗನ್, ಅಂದಿನ ಅಮೇರಿಕೆಯ ಧನಿಕ ಪ್ರಪಂಚದ ಚಕ್ರವರ್ತಿ. ರೈಲುದಾರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಬಂಡವಾಳವನ್ನು ಹೂಡಿ, 1901ರಲ್ಲಿ ನೂರು ಕೋಟಿ ಡಾಲರುಗಳಿಗೂ ಮಿಕ್ಕಿದ ಮೂಲಧನದ ಉಕ್ಕಿನ ಸಂಸ್ಥೆಯನ್ನು ಕಟ್ಟಿದವನು; 1907ರಲ್ಲಿ ಬ್ಯಾಂಕುಗಳು ಒಂದೊಂದಾಗಿ ಕುಸಿಯತೊಡಗಿದಾಗ ಅವನ್ನು ಎತ್ತಿಹಿಡಿದವನು. ಆತನ ನಾಲ್ವರು ಮಕ್ಕಳಲ್ಲಿ ಆನ್ ಕಿರಿಯಳು. ವಿವಾಹವಾಗದೆ, ವಿಲಾಸದಲ್ಲಿಯೇ ಆಯುಷ್ಯವನ್ನು ಕಳೆಯಬಹುದಾಗಿದ್ದ ಈಕೆಯು ಸಾರ್ವಜನಿಕ ಕಾರ್ಯದ ಕಡೆಗೆ ತಿರುಗಿದಳು.

ಆದರೆ ಮೊದಲ ಹೆಜ್ಜೆಯು ನಿಷ್ಕಳಂಕವಾಗಿದ್ದಿತೆಂದು ನಾವು ಹೇಳಲಾರೆವು. 1909ನೆಯ ನವೆಂಬರಿನಲ್ಲಿ ನ್ಯೂಯಾರ್ಕಿನ ರವಿಕೆ ಹೊಲಿಯುವ ಕಾರ್ಖಾನೆಗಳ ಸುಮಾರು 20,000 ಮಂದಿ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಬಹುಮಂದಿ ಹೊರದೇಶಗಳಿಂದ ಬಂದ ಬಡ ತರುಣಿಯರು. ಆನ್ ಮೋರ್ಗನ್ನಳೂ ಇತರ ಸಿರಿವಂತ ಸ್ತ್ರೀಯರೂ ಅವರ ಪಕ್ಷವನ್ನು ವಹಿಸಿದರು. ಪತ್ರಿಕೆಗಳ ದೃಷ್ಟಿಯೂ ಅತ್ತ ಹರಿಯಿತು. ಆದರೆ 1910ನೆಯ ಜನವರಿಯಲ್ಲಿ ಕಾರ್ನೆಗಿ ಭವನದ ಮಹಾಸಭೆಯಲ್ಲಿ ಸಮಾಜವಾದದ ಮಾತುಗಳು ಕೇಳಿಬಂದೊಡನೆ ಈಕೆಯು ಬಹಿರಂಗವಾಗಿ ಆಕ್ಷೇಪಿಸಿ ಹಿಂದೆ ಸರಿದಳು. ಫೆಬ್ರವರಿಯಲ್ಲಿ ಮುಷ್ಕರವು ಮುಗಿಯಿತು. ಕಾರ್ಮಿಕ ಸಂಘವನ್ನು ಅಂಗೀಕರಿಸದೆಯೇ ಉಳಿದ ಟ್ರಯಾಂಗಲ್ ಕಾರ್ಖಾನೆಯಲ್ಲಿ 1911ನೆಯ ಮಾರ್ಚ್ 25ರಂದು ಬೆಂಕಿ ಬಿದ್ದು 146 ಮಂದಿ ಮಡಿದರು. ಆ ದುರಂತದ ಹೊಣೆಯನ್ನು ಈಕೆಯ ಮೇಲೆ ಹೊರಿಸುವುದು ಅನ್ಯಾಯ. ಆದರೂ ಧನಿಕರ ಕನಿಕರವು ಎಲ್ಲಿಯವರೆಗೆ ನಡೆದು ಎಲ್ಲಿ ನಿಲ್ಲುತ್ತದೆಂಬುದಕ್ಕೆ ಈ ಪ್ರಸಂಗವು ನಿದರ್ಶನವಲ್ಲವೆ?

1913ರಲ್ಲಿ ತಂದೆಯು ರೋಮಿನಲ್ಲಿ ತೀರಿಕೊಂಡನು. ಮರುವರ್ಷವೇ ಯುರೋಪು ಖಂಡದಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಗಾಯಗೊಂಡ ಫ್ರೆಂಚ್ ಯೋಧರ ಶುಶ್ರೂಷೆಗೆ ನೆರವನ್ನು ಕೂಡಿಸುತ್ತಿದ್ದ ಆನ್, 1917ರ ಬೇಸಗೆಯಲ್ಲಿ ಗೆಳತಿ ಆನ್ ಮರ್ರೆ ಡೈಕಳೊಡನೆ ಏನ್ ಪ್ರಾಂತದ ಬ್ಲೇರಾಂಕೂರ್ ಗ್ರಾಮದಲ್ಲಿ ಬೀಡುಬಿಟ್ಟಳು. ಹಿಂದೆಗೆದ ಜರ್ಮನ್ ಸೈನ್ಯವು ಅಲ್ಲಿ ಮನೆಗಳನ್ನು ಕೆಡವಿ, ಹಣ್ಣಿನ ಮರಗಳನ್ನೂ ಕಡಿದುಹಾಕಿ ಹೋಗಿದ್ದಿತು. ಇವರ ಸಮಿತಿಯಲ್ಲಿ 1924ರವರೆಗೆ ಸುಮಾರು 350 ಮಂದಿ ಸ್ತ್ರೀಯರು ಸ್ವಯಂಸೇವಕಿಯರಾಗಿ ದುಡಿದರು. ಬರುವವರು ಫ್ರೆಂಚ್ ಭಾಷೆಯನ್ನು ಬಲ್ಲವರಾಗಿರಬೇಕು, ಮೋಟಾರನ್ನು ನಡೆಸಬಲ್ಲವರಾಗಿರಬೇಕು, ತಮ್ಮ ವೆಚ್ಚವನ್ನು ತಾವೇ ಭರಿಸಬೇಕು ಎಂಬುದು ನಿಯಮ. 1918ರ ವಸಂತದಲ್ಲಿ ಶತ್ರುಸೈನ್ಯವು ಮತ್ತೆ ಮೇಲೇರಿ ಬಂದಾಗ ಮುದುಕರನ್ನೂ ಮಕ್ಕಳನ್ನೂ ಇದೇ ವಾಹನಗಳಲ್ಲಿ ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು, ಕಟ್ಟಿದುದೆಲ್ಲವೂ ಹಾಳಾಯಿತು. ಯುದ್ಧ ಮುಗಿದ ಮೇಲೆ ಪುನಃ ಮೊದಲಿನಿಂದ ಕಟ್ಟಿದರು.

ಈ ಸೇವೆಯ ಕ್ರಮವೇ ನಮಗೆ ಮುಖ್ಯವಾಗಿ ತೋರುವುದು. ಅನ್ನವನ್ನಿಕ್ಕಿ ಕಳುಹಿಸಿದರೆ ಒಂದು ದಿನದ ಹಸಿವು ಹೋಗುತ್ತದೆ, ಮಾನವು ಉಳಿಯುವುದಿಲ್ಲ. ಇವರಾದರೋ ಬೀಜ, ಜಾನುವಾರು, ಹಣ್ಣಿನ ಸಸಿಗಳನ್ನು ಒದಗಿಸಿ, ಉಳುವ ಯಂತ್ರಗಳನ್ನು ರೈತರು ಕೂಡಿ ಬಳಸುವಂತೆ ಸಹಕಾರ ಸಂಘಗಳಿಗೆ ನೆರವಾದರು. ಹಳ್ಳಿಹಳ್ಳಿಗೆ ದಾದಿಯರನ್ನು ಕಳುಹಿಸಿದರು. ನ್ಯೂಯಾರ್ಕಿನ ಗ್ರಂಥಪಾಲಕಿ ಜೆಸ್ಸಿ ಕಾರ್ಸನ್ನಳ ನೇತೃತ್ವದಲ್ಲಿ, ಮಕ್ಕಳೂ ತಾವೇ ಪುಸ್ತಕಗಳನ್ನು ಆರಿಸಿಕೊಳ್ಳಬಹುದಾದ ಸಾರ್ವಜನಿಕ ಪುಸ್ತಕಾಲಯಗಳನ್ನು ತೆರೆದರು. ಹಣವನ್ನು ಕೂಡಿಸಲು ಆನ್ ಯಾವ ದಾರಿಗೂ ನಾಚಲಿಲ್ಲ. 1921ನೆಯ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಮುಷ್ಟಿಯುದ್ಧದ ಪಂದ್ಯವೊಂದನ್ನೇ ಏರ್ಪಡಿಸಿದಳು!

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಮರೆಮಾಚಲಾಗದು. ಅದೇ ಯುದ್ಧದಲ್ಲಿ ಈಕೆಯ ಸೋದರನ ಆಡಳಿತದಲ್ಲಿದ್ದ ಮೋರ್ಗನ್ ಸಂಸ್ಥೆಯು ಬ್ರಿಟನ್ ಮತ್ತು ಫ್ರಾನ್ಸುಗಳ ಪರವಾಗಿ ಸುಮಾರು 300 ಕೋಟಿ ಡಾಲರುಗಳ ಸಾಮಗ್ರಿಯನ್ನು ಖರೀದಿಸಿ, ನೂರಕ್ಕೆ ಒಂದರಂತೆ ದಲ್ಲಾಳಿಯನ್ನು ಪಡೆಯಿತು. ಒಂದೇ ಮನೆತನದಲ್ಲಿ ಅಣ್ಣನು ಯುದ್ಧದಿಂದ ಲಾಭ ಪಡೆದನು, ತಂಗಿಯು ಯುದ್ಧದ ಗಾಯಗಳನ್ನು ಕಟ್ಟಿದಳು. ದಾನವು ಸಂಪತ್ತಿನ ಮೂಲವನ್ನು ಶುದ್ಧಿಗೊಳಿಸಲಾರದು. ಅದನ್ನು ಮರೆಯುವುದು ವಿವೇಕವಲ್ಲ. ಆದರೆ ಹಾಳುಬಿದ್ದ ಊರಿನ ಕೆಸರಿನಲ್ಲಿ ವರ್ಷಗಟ್ಟಲೆ ನಿಂತು ದುಡಿದವಳ ದೇಹಶ್ರಮವನ್ನು ಹುಂಡಿಯ ಲೆಕ್ಕದಲ್ಲಿ ಅಳೆಯುವುದೂ ನ್ಯಾಯವಲ್ಲ.

ಬ್ಲೇರಾಂಕೂರಿನ ಹಳೆಯ ಅರಮನೆಯನ್ನು ವಸ್ತುಸಂಗ್ರಹಾಲಯವಾಗಿ ಮಾಡಿ ಫ್ರೆಂಚ್ ಸರಕಾರಕ್ಕೆ ಒಪ್ಪಿಸಿದ ಈಕೆಗೆ 1932ರಲ್ಲಿ ಆ ದೇಶವು ಲೀಜನ್ ಆಫ್ ಆನರ್ ಪ್ರಶಸ್ತಿಯ ಕಮಾಂಡರ್ ಪದವಿಯನ್ನಿತ್ತಿತು. ಅಮೇರಿಕದ ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಈಕೆಯೇ ಮೊದಲಿಗಳು. ಎರಡನೆಯ ಮಹಾಯುದ್ಧವು ಬಂದಾಗ, ಅರುವತ್ತೈದನ್ನು ದಾಟಿದ್ದರೂ, ಫ್ರಾನ್ಸಿನ ನಿರಾಶ್ರಿತರ ಸೇವೆಗೆ ಪುನಃ ನಿಂತಳು. 1952ನೆಯ ಜನವರಿ 29ರಂದು ದೇಹವನ್ನು ಬಿಟ್ಟಳು.

ಕೊಟ್ಟ ಹಣವು ಖರ್ಚಾಗಿ ಹೋಗುತ್ತದೆ; ಕೊಡುವವರು ಮರಳಿ ಹೋದ ಮೇಲೆಯೂ ಪಡೆದವರು ತಮ್ಮ ಕಾಲ ಮೇಲೆ ನಿಂತಿರುವುದೇ ದಾನದ ಸಾರ್ಥಕತೆ. ಏನ್ ಪ್ರಾಂತದಲ್ಲಿ ದಾದಿಯರ ಸೇವೆಯು ಸಮಿತಿಯು ಮುಗಿದ ಮೇಲೆಯೂ ನಡೆಯಿತು. ನಮ್ಮ ಧನಿಕರು ಛತ್ರದ ಗೋಡೆಯ ಮೇಲೆ ಹೆಸರನ್ನು ಕೆತ್ತಿಸುವ ಮೊದಲು ಇದನ್ನೊಮ್ಮೆ ಆಲೋಚಿಸಲಿ.