ಚರ್ಚನ್ನು ತೊರೆದರೂ ದೇವರನ್ನು ತೊರೆಯದ ಟಾಲ್‌ಸ್ಟಾಯ್

1910ರ ನವೆಂಬರ್ ತಿಂಗಳು. ಅಸ್ತಾಪೊವೊ ಎಂಬ ಪುಟ್ಟ ರೈಲು ನಿಲ್ದಾಣದತ್ತ ಇಡೀ ರಷ್ಯಾ ಕಣ್ಣು ನೆಟ್ಟಿತ್ತು. ಸ್ಟೇಷನ್ ಮಾಸ್ಟರರ ಮನೆಯಲ್ಲಿ 82 ವರ್ಷದ ವೃದ್ಧರೊಬ್ಬರು ನ್ಯುಮೋನಿಯಾದಿಂದ ಹಾಸಿಗೆ ಹಿಡಿದಿದ್ದರು. ಹೊರಗೆ ಪತ್ರಕರ್ತರು, ಪೊಲೀಸರು ನೆರೆದಿದ್ದರು. ಆಪ್ಟಿನಾ ಮಠದಿಂದ ಹಿರಿಯ ಸನ್ಯಾಸಿಯೊಬ್ಬರೂ ಬಂದಿದ್ದರು. ಸಾಯುವ ಮುನ್ನ ಲಿಯೋ ಟಾಲ್‌ಸ್ಟಾಯ್ ಅವರನ್ನು ಚರ್ಚಿನ ತೆಕ್ಕೆಗೆ ಮರಳಿ ಕರೆತರುವುದು ಅವರ ಉದ್ದೇಶವಾಗಿತ್ತು. ಆದರೆ ಅವರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ.

ಟಾಲ್‌ಸ್ಟಾಯ್ ಜನಿಸಿದ್ದು 1828ರಲ್ಲಿ, ತುಲಾ ಪ್ರಾಂತ್ಯದ ಯಾಸ್ನಾಯಾ ಪೊಲ್ಯಾನಾದ ಶ್ರೀಮಂತ ಜಮೀನ್ದಾರಿ ಮನೆತನದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನೂ, ಒಂಬತ್ತು ತುಂಬುವ ಮೊದಲೇ ತಂದೆಯನ್ನೂ ಕಳೆದುಕೊಂಡರು. ಆರ್ಥೊಡಾಕ್ಸ್ ಕ್ರೈಸ್ತ ಸಂಪ್ರದಾಯದಲ್ಲಿ ಬೆಳೆದರೂ, ಯೌವನಕ್ಕೆ ಕಾಲಿಡುವ ಹೊತ್ತಿಗೆ ಆ ನಂಬಿಕೆ ಸದ್ದಿಲ್ಲದೆ ಕಳಚಿಹೋಗಿತ್ತು. 1860ರಲ್ಲಿ ಪ್ರೀತಿಯ ಅಣ್ಣ ನಿಕೊಲಾಯ್ ಕ್ಷಯರೋಗದಿಂದ ತೀರಿಕೊಂಡಾಗ, ಸಾವಿನ ಪ್ರಶ್ನೆ ಅವರ ಮನಸ್ಸಿನಲ್ಲಿ ಆಳವಾಗಿ ನಾಟಿತು.

ಐವತ್ತರ ಹೊಸ್ತಿಲಿನಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೇನಿನಾ’ ಕಾದಂಬರಿಗಳು ಕೀರ್ತಿ ತಂದಿದ್ದವು. ಆಸ್ತಿಯಿತ್ತು, ಪತ್ನಿ ಸೋಫಿಯಾ ಮತ್ತು ಮಕ್ಕಳಿಂದ ಮನೆ ತುಂಬಿತ್ತು. ಆದರೂ ಇದೆಲ್ಲ ಏತಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಅವರು ಕಂಗೆಟ್ಟರು. ನೇಣು ಹಾಕಿಕೊಳ್ಳುವ ಭಯದಿಂದ ಹಗ್ಗವನ್ನು ಬಚ್ಚಿಟ್ಟರು. ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನು ನಿಲ್ಲಿಸಿದರು.

ವಿದ್ವಾಂಸರಲ್ಲಿ ಕಾಣದ ಉತ್ತರದ ಸುಳಿವು ಅವರಿಗೆ ರೈತರಲ್ಲಿ ಕಂಡಿತು. ಬಡತನ, ಸಾವುಗಳನ್ನು ಶಾಂತವಾಗಿ ಎದುರಿಸುವ ಶಕ್ತಿಯನ್ನು ಆ ಜನರಿಗೆ ನಂಬಿಕೆಯೇ ನೀಡಿದೆ ಎಂದು ಭಾವಿಸಿದ ಅವರು ಚರ್ಚಿಗೆ ಮರಳಿದರು. ಉಪವಾಸ, ಪ್ರಾರ್ಥನೆಗಳನ್ನು ನಿಷ್ಠೆಯಿಂದ ಪಾಲಿಸಿದರು. 1877ರಲ್ಲಿ ಆಪ್ಟಿನಾ ಮಠಕ್ಕೂ ಭೇಟಿ ನೀಡಿದರು. ಆದರೆ ಬುದ್ಧಿ ಒಪ್ಪದ ವಿಧಿಗಳು ಅಡ್ಡಬಂದವು. ಅನ್ಯ ಪಂಥದವರನ್ನು ದಾರಿ ತಪ್ಪಿದವರೆಂದು ಜರೆಯುವ, ತುರ್ಕಿಯೊಡನೆ ನಡೆದ ಯುದ್ಧಕ್ಕೆ ಆಶೀರ್ವಾದ ಕೋರುವ ಧರ್ಮ ಅವರಿಗೆ ಸಹ್ಯವಾಗಲಿಲ್ಲ.

ಸಂದೇಹ ಅವರನ್ನು ನಾಸ್ತಿಕರನ್ನಾಗಿಸಲಿಲ್ಲ. ದೇವರು ತಿಳಿವಿಗೆ ನಿಲುಕದವನೆಂದು ಕೈಚೆಲ್ಲಿ ಕೂರಲೂ ಬಿಡಲಿಲ್ಲ. ಗ್ರೀಕ್ ಕಲಿತಿದ್ದ ಅವರು ಸುವಾರ್ತೆಗಳನ್ನು ಮೂಲದಲ್ಲೇ ಓದಿದರು. ಹೀಬ್ರೂ ಅಭ್ಯಾಸಕ್ಕೆಂದು ಮಾಸ್ಕೋದ ಯಹೂದಿ ಧರ್ಮಗುರುವೊಬ್ಬರ ಬಳಿ ಪಾಠಕ್ಕೆ ಕುಳಿತರು. ಪವಾಡಗಳನ್ನೂ ತ್ರಯೈಕ್ಯದ ಸಿದ್ಧಾಂತವನ್ನೂ ತಿರಸ್ಕರಿಸಿ, ಯೇಸುವಿನ ಗಿರಿಪ್ರವಚನವನ್ನು ಬದುಕಿನ ನಿಯಮವಾಗಿ ಸ್ವೀಕರಿಸಿದರು. ಈ ಶೋಧದ ಕಥೆಯಾದ ‘ತಪ್ಪೊಪ್ಪಿಗೆ’ಯನ್ನು ರಷ್ಯಾದ ಸೆನ್ಸಾರ್ ತಡೆಹಿಡಿಯಿತು. 1884ರಲ್ಲಿ ಅದು ಜಿನೀವಾದಲ್ಲಿ ಪ್ರಕಟವಾಯಿತು.

ಅವರ ನಂಬಿಕೆ ಪುಸ್ತಕಕ್ಕೆ ಸೀಮಿತವಾಗಲಿಲ್ಲ. ಮಾಂಸಾಹಾರ ತ್ಯಜಿಸಿದರು, ಹೊಲ ಉತ್ತರು, ಬೂಟು ಹೊಲಿದರು. 1891ರ ಭೀಕರ ಕ್ಷಾಮದಲ್ಲಿ ಹಳ್ಳಿಗಳಲ್ಲಿ ಗಂಜಿ ಕೇಂದ್ರಗಳನ್ನು ತೆರೆದರು. ಯುದ್ಧಕ್ಕೆ ಹೋಗಲೊಪ್ಪದೆ ಕಿರುಕುಳಕ್ಕೆ ಗುರಿಯಾಗಿದ್ದ ದುಖೊಬೊರ್ ಪಂಥದ ಏಳು ಸಾವಿರಕ್ಕೂ ಹೆಚ್ಚು ಜನ ಕೆನಡಾಕ್ಕೆ ವಲಸೆ ಹೋಗಲು, 1899ರ ‘ಪುನರುತ್ಥಾನ’ ಕಾದಂಬರಿಯ ಸಂಭಾವನೆ ನೆರವಾಯಿತು. ಅವರ ಅಹಿಂಸೆಯ ವಿಚಾರಗಳಿಂದ ಪ್ರಭಾವಿತರಾದ ಗಾಂಧೀಜಿ 1909ರಲ್ಲಿ ಪತ್ರ ಬರೆದರು. ಮರುವರ್ಷ ಜೋಹಾನ್ಸ್‌ಬರ್ಗ್ ಬಳಿ ಸ್ಥಾಪನೆಯಾದ ಸತ್ಯಾಗ್ರಹಿಗಳ ಆಶ್ರಮಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಿಡಲಾಯಿತು.

ಆದರೆ ಈ ಹುಡುಕಾಟದ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. 1891ರಲ್ಲಿ ಅವರು 1881ರ ನಂತರದ ಕೃತಿಗಳ ಹಕ್ಕುಸ್ವಾಮ್ಯವನ್ನು ಬಿಟ್ಟುಕೊಟ್ಟಾಗ, ದೊಡ್ಡ ಸಂಸಾರವನ್ನು ತೂಗಿಸಬೇಕಿದ್ದ ಸೋಫಿಯಾ ತೀವ್ರವಾಗಿ ವಿರೋಧಿಸಿದರು. ಗಂಡನ ಹಸ್ತಪ್ರತಿಗಳನ್ನು ವರ್ಷಗಟ್ಟಲೆ ಪ್ರತಿ ಮಾಡಿಕೊಟ್ಟ ಆಕೆ ಚರ್ಚಿನ ನಿಷ್ಠಾವಂತ ಭಕ್ತೆ. ಆದರೂ 1901ರಲ್ಲಿ ಪವಿತ್ರ ಸಿನೋಡ್ ಟಾಲ್‌ಸ್ಟಾಯ್ ಇನ್ನು ತನ್ನವರಲ್ಲ ಎಂದು ಘೋಷಿಸಿದಾಗ, ಬಹಿರಂಗ ಪತ್ರ ಬರೆದು ಪ್ರತಿಭಟಿಸಿದ್ದೂ ಆಕೆಯೇ. ತಾವು ಚರ್ಚನ್ನು ಬಿಟ್ಟಿರುವುದು ನಿಜ, ಆದರೆ ಬಿಟ್ಟದ್ದು ದೇವರ ಸೇವೆಗಾಗಿಯೇ ಎಂದು ಟಾಲ್‌ಸ್ಟಾಯ್ ಉತ್ತರಿಸಿದರು.

1910ರ ನವೆಂಬರ್ 10ರ ನಸುಕಿನಲ್ಲಿ ಅವರು ಹೆಂಡತಿಗೆ ಹೇಳದೆ ಮನೆ ಬಿಟ್ಟರು. ಮೊದಲು ಹೋದದ್ದು ಆಪ್ಟಿನಾ ಮಠಕ್ಕೆ. ಅಲ್ಲಿನ ಹಿರಿಯರ ಕುಟೀರಗಳ ಸುತ್ತ ಅಡ್ಡಾಡಿದರೂ ಒಳಗೆ ಹೋಗಲಿಲ್ಲ. ಅಲ್ಲಿಂದ, ಸನ್ಯಾಸಿನಿಯಾಗಿದ್ದ ತಂಗಿ ಮರಿಯಾಳನ್ನು ಕಾಣಲು ಶಮೊರ್ದಿನೊ ಕಾನ್ವೆಂಟಿಗೆ ತೆರಳಿದರು. ಚರ್ಚಿನ ಒಳಗಿದ್ದ ತಂಗಿ, ಹೊರಗುಳಿದ ಅಣ್ಣನ ನಡುವಿನ ವಾತ್ಸಲ್ಯ ಬತ್ತಿರಲಿಲ್ಲ. ನವೆಂಬರ್ 20ರಂದು ಅಸ್ತಾಪೊವೊದಲ್ಲಿ ಅವರು ಕೊನೆಯುಸಿರೆಳೆದರು. ಸೋಫಿಯಾರನ್ನು ಒಳಗೆ ಬಿಟ್ಟದ್ದು ಅವರ ಪ್ರಜ್ಞೆ ತಪ್ಪಿದ ಮೇಲೆಯೇ.

ಪಾದ್ರಿಗಳಿಲ್ಲದೆ ನಡೆದ ಅಂತ್ಯಕ್ರಿಯೆಯಲ್ಲಿ ಸಾವಿರಾರು ರೈತರು, ವಿದ್ಯಾರ್ಥಿಗಳು ಪಾಲ್ಗೊಂಡರು. 2001ರಲ್ಲಿ ಮರಿಮೊಮ್ಮಗನ ಮಗ ವ್ಲಾದಿಮಿರ್ ಟಾಲ್‌ಸ್ಟಾಯ್ ಈ ಬಹಿಷ್ಕಾರವನ್ನು ಮರುಪರಿಶೀಲಿಸಬೇಕೆಂದು ಕೋರಿದಾಗಲೂ ಚರ್ಚ್ ಒಪ್ಪಲಿಲ್ಲ. ಯಾಸ್ನಾಯಾ ಪೊಲ್ಯಾನಾದ ಕಾಡಿನಲ್ಲಿ, ಮನುಷ್ಯರೆಲ್ಲ ಸುಖವಾಗಿರುವ ಗುಟ್ಟನ್ನು ಬರೆದ ಹಸಿರು ಕೋಲು ಹೂತಿದೆಯೆಂದು ಅಣ್ಣ ನಿಕೊಲಾಯ್ ಬಾಲ್ಯದಲ್ಲಿ ಹೇಳಿದ್ದ ಜಾಗದಲ್ಲೇ ಟಾಲ್‌ಸ್ಟಾಯ್ ಸಮಾಧಿಯಿದೆ. ಅದರ ಮೇಲೆ ಶಿಲುಬೆಯಿಲ್ಲ, ಹೆಸರು ಕೆತ್ತಿದ ಕಲ್ಲೂ ಇಲ್ಲ. ಹುಲ್ಲು ಹೊದ್ದ ಮಣ್ಣಿನ ದಿಬ್ಬವಷ್ಟೇ ಇದೆ.