ಮದ್ದನ್ನು ಮೊದಲು ತನ್ನ ಮೈಗೆ ಚುಚ್ಚಿಕೊಂಡ ಹಾಫ್‌ಕಿನ್

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದ ಕಥೆಗಳನ್ನು ನಮ್ಮ ಅನೇಕ ಭಕ್ತರು ಹಿರಿಯರ ಬಾಯಿಂದ ಕೇಳಿರುತ್ತಾರೆ. 1898ರಲ್ಲಿ ಪ್ಲೇಗು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಹೊಕ್ಕಿತು. ಆ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಒಂದು ಹೊಸ ಚುಚ್ಚುಮದ್ದನ್ನು ಹಾಕಿಸಿಕೊಂಡರು. ಆ ಮದ್ದನ್ನು ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್. ಕೋವಿಡ್ ಕಾಲದಲ್ಲಿ ಲಸಿಕೆ ಹಾಕಿಸಿಕೊಳ್ಳಬಹುದೇ, ಅದರಲ್ಲಿ ಏನೋ ಹುನ್ನಾರವಿದೆಯಂತಲ್ಲ ಎಂದು ಶ್ರೀಮಠಕ್ಕೆ ಬಂದವರು ಕೇಳುತ್ತಿದ್ದಾಗಲೆಲ್ಲ ಈ ಮಹನೀಯರ ಬದುಕು ನೆನಪಾಗುತ್ತಿತ್ತು.

ಹಾಫ್‌ಕಿನ್ ಅವರು 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದರು. ಪ್ರಸಿದ್ಧ ಜೀವವಿಜ್ಞಾನಿ ಮೆಚ್ನಿಕೋವ್ ಅವರ ಶಿಷ್ಯರಾಗಿ ಕಲಿತರು. ಯಹೂದಿಗಳ ಮೇಲೆ ದಾಳಿಗಳು ನಡೆದಾಗ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಮತವನ್ನು ಬದಲಿಸಿದರೆ ವಿಶ್ವವಿದ್ಯಾಲಯದಲ್ಲಿ ಉನ್ನತ ಹುದ್ದೆ ಸಿಗುವಂತಿತ್ತು. ಅವರು ಹುದ್ದೆಯನ್ನು ಬಿಟ್ಟರು, ಮತವನ್ನು ಬಿಡಲಿಲ್ಲ. 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಹಾಯಕ ಗ್ರಂಥಪಾಲಕರಾಗಿ ಸೇರಿ, ಬಿಡುವಿನ ವೇಳೆಯಲ್ಲಿ ಕಾಲರಾ ರೋಗಾಣುವಿನ ಅಧ್ಯಯನದಲ್ಲಿ ತೊಡಗಿದರು. 1892ರ ಜುಲೈ 18ರಂದು ತಾವು ಕಂಡುಹಿಡಿದ ಕಾಲರಾ ಲಸಿಕೆಯನ್ನು ಮೊದಲಿಗೆ ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಹಿರಿಯ ವಿಜ್ಞಾನಿಗಳೂ ಇದನ್ನು ಸುಲಭವಾಗಿ ಒಪ್ಪಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಸಂದೇಹವು ಅಜ್ಞಾನಿಗಳ ಸೊತ್ತು ಮಾತ್ರವಲ್ಲ.

1893ರಲ್ಲಿ ಅವರು ಭಾರತಕ್ಕೆ ಬಂದರು. ಕಲ್ಕತ್ತೆಯ ಬಡವರ ಬಸ್ತಿಗಳಲ್ಲಿ ಜನರು ಅವರತ್ತ ಕಲ್ಲು ತೂರಿದರು. ಅವರು ಪೊಲೀಸರನ್ನು ಕರೆಸಲಿಲ್ಲ. ಜನರೆದುರಿಗೇ ತಮ್ಮ ಅಂಗಿಯನ್ನು ಮೇಲೆತ್ತಿ ಜೊತೆಯ ವೈದ್ಯರಿಂದ ಮದ್ದು ಚುಚ್ಚಿಸಿಕೊಂಡರು. ಅಲ್ಲಿ ಅವರೊಡನೆ ದುಡಿದ ಬಂಗಾಳದ ವೈದ್ಯರ ಪಾತ್ರವೂ ಕಡಿಮೆಯದಲ್ಲ. ಪರದೇಶಿಯ ಮಾತಿಗಿಂತ ನೆರೆಯವನ ಮಾತನ್ನು ಜನ ಬೇಗ ನಂಬಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೊಟ್ಟ ಅಲ್ಪ ಸ್ಥಳದಲ್ಲೇ ಅವರು ಪ್ರಯೋಗಶಾಲೆಯನ್ನು ತೆರೆದರು. ಮಾಂಸದ ರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳ ಕೆಳಗೆ ಎಳೆಎಳೆಯಾಗಿ ಇಳಿಬೀಳುವಂತೆ ರೋಗಾಣುಗಳನ್ನು ಬೆಳೆಸಿ, ಬಳಿಕ ಅವುಗಳನ್ನು ಕೊಂದು ಲಸಿಕೆಯನ್ನು ತಯಾರಿಸಿದರು. 1897ರ ಜನವರಿ 10ರಂದು ಇದರ ಮೊದಲ ಚುಚ್ಚುಮದ್ದೂ ಅವರ ಮೈಗೇ. ಹಿಂದೂ ಮುಸ್ಲಿಮರ ಭಾವನೆಗಳನ್ನು ಗಮನಿಸಿ ಗೋಮಾಂಸ, ಹಂದಿಮಾಂಸಗಳನ್ನು ಬಿಟ್ಟು ಆಡಿನ ಮಾಂಸವನ್ನು ಬಳಸಿದರು. ಶಾಕಾಹಾರವನ್ನು ವ್ರತದಂತೆ ಪಾಲಿಸುವ ನಮ್ಮಂಥವರಿಗೆ ಇದರಿಂದಲೂ ಸಮಾಧಾನವಾಗದು. ಅಂದು ಹಿಂಜರಿದ ಹಿರಿಯರನ್ನು ಮೂಢರೆಂದು ನಗುವವರು ಈ ಸೂಕ್ಷ್ಮವನ್ನು ಅರಿಯಬೇಕು.

ವದಂತಿಗಳಿಗಂತೂ ಕೊನೆಯಿರಲಿಲ್ಲ. ಚುಚ್ಚಿದೊಡನೆ ಸಾವು ಬರುತ್ತದೆ, ಗಂಡಸರು ಷಂಡರಾಗುತ್ತಾರೆ, ಇದು ಸರಕಾರ ಜನರನ್ನು ಕೊಲ್ಲಲು ಹೂಡಿದ ಸಂಚು ಎಂದೆಲ್ಲ ಗಾಳಿಮಾತು ಹರಡಿತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತ್ತು. ಸೈನಿಕರು ಮನೆಗಳಿಗೆ ನುಗ್ಗಿ ದೇವರ ಕೋಣೆಯನ್ನೂ ಬಿಡದೆ ಶೋಧಿಸುತ್ತಿದ್ದರು, ರೋಗಿಗಳನ್ನು ಎಳೆದೊಯ್ಯುತ್ತಿದ್ದರು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಅವರ ಹತ್ಯೆಗೆ ಕಾರಣವಾದದ್ದು ಈ ದರ್ಪವೇ. ಅಂಥ ಸರಕಾರ ಕೊಡುವ ಮದ್ದನ್ನು ಜನ ನಂಬುವುದಾದರೂ ಹೇಗೆ? ವದಂತಿ ಸುಳ್ಳಾಗಿತ್ತು, ಅದು ಮೊಳೆತ ಅಪನಂಬಿಕೆಗೆ ಮಾತ್ರ ಕಾರಣವಿತ್ತು. ಹಾಫ್‌ಕಿನ್ ಅವರ ದಾರಿ ಬೇರೆ. ಒತ್ತಾಯದ ಲಸಿಕೆಯನ್ನು ಅವರು ಒಪ್ಪಲಿಲ್ಲ. ಇಸ್ಮಾಯಿಲಿ ಪಂಥದ ಗುರುಗಳಾದ ಆಗಾ ಖಾನ್ ಅವರು ತಮ್ಮ ಅನುಯಾಯಿಗಳ ಎದುರು ತಾವೇ ಲಸಿಕೆ ಹಾಕಿಸಿಕೊಂಡು, ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ಧರ್ಮಪೀಠದಲ್ಲಿ ಇರುವವರು ಮಾಡಬಹುದಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚದು.

ಬಡೋದೆಯ ಬಳಿಯ ಉಂಢೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ನಡೆದ ಪರೀಕ್ಷೆ ಮನಸ್ಸನ್ನು ಕಲಕುವಂಥದು. ಪ್ರತಿಯೊಂದು ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಲಸಿಕೆ ಹಾಕಲಾಯಿತು. ಒಂದೇ ಸೂರು, ಒಂದೇ ಅನ್ನ, ಒಂದೇ ಗಾಳಿ. ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ರೋಗ ತಗುಲಿ 3 ಮಂದಿ ತೀರಿಕೊಂಡರು. ಪಡೆಯದ 64 ಜನರಲ್ಲಿ 27 ಮಂದಿಗೆ ತಗುಲಿ 26 ಮಂದಿ ತೀರಿಕೊಂಡರು. ಮದ್ದು ಸಾವನ್ನು ಪೂರ್ತಿಯಾಗಿ ತಡೆಯಲಿಲ್ಲ, ತಡೆಯುತ್ತದೆಂದು ಅವರು ಹೇಳಲೂ ಇಲ್ಲ. ಆ 26 ಮಂದಿಯನ್ನು ಅದೃಷ್ಟಕ್ಕೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಓದುವವರನ್ನು ಇಂದಿಗೂ ಕಾಡುತ್ತದೆ. ಆದರೆ ಮದ್ದಿನ ಗುಣವನ್ನು ಅರಿಯಲು ಬೇರೆ ಮಾರ್ಗ ಅಂದು ಅವರಿಗೆ ಕಾಣಲಿಲ್ಲ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ಅಷ್ಟೂ ಮಂದಿಗೆ ಮದ್ದು ಹಾಕಿದ್ದು ಒಂದೇ ಬಾಟಲಿಯಿಂದ. ವದಂತಿ ಹಬ್ಬಿಸಿದವರು ತಮ್ಮ ಮಾತೇ ನಿಜವಾಯಿತೆಂದರು. ವಿಚಾರಣಾ ಆಯೋಗವು ತಪ್ಪು ಪ್ರಯೋಗಶಾಲೆಯದೆಂದು ಭಾವಿಸಿತು. ಹಾಫ್‌ಕಿನ್ ಅವರು ಹುದ್ದೆಯನ್ನು ಕಳೆದುಕೊಂಡು ಯುರೋಪಿಗೆ ಮರಳಬೇಕಾಯಿತು. ಆದರೆ ಅಂದು ಬಾಟಲಿಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಗೊಳಿಸಿರಲಿಲ್ಲ. ಮುಂಬಯಿಯಲ್ಲೇ ಮದ್ದು ಕೆಟ್ಟಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು, ಬಂದಿರಲಿಲ್ಲ. ಈ ಸಾಕ್ಷ್ಯಗಳನ್ನು ಮುಂದಿಟ್ಟು 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ ಆರೋಪ ಕಳಚಿತು. ಸತ್ಯ ತೀರ್ಮಾನವಾಗಲು ಐದು ವರ್ಷ ಬೇಕಾಯಿತು. ವದಂತಿಗೆ ಬೇಕಾದದ್ದು ಕೆಲವೇ ದಿನ.

ಮತ್ತೆ ಕಲ್ಕತ್ತೆಗೆ ಬಂದ ಅವರು 1914ರಲ್ಲಿ ನಿವೃತ್ತರಾದರು. ಆಮೇಲಿನ ಅವರ ಬದುಕು ಹಲವರಿಗೆ ಅಚ್ಚರಿಯೆನಿಸುತ್ತದೆ. ಪ್ರತಿಯೊಂದನ್ನೂ ಎಣಿಸಿ, ಹೋಲಿಸಿ ನೋಡಿದ ಆ ವಿಜ್ಞಾನಿ ತಮ್ಮ ಧರ್ಮದ ಆಚಾರಗಳನ್ನು ನಿಷ್ಠೆಯಿಂದ ಪಾಲಿಸತೊಡಗಿದರು. 1916ರಲ್ಲಿ ಸಾಂಪ್ರದಾಯಿಕ ಯಹೂದಿ ಜೀವನಕ್ರಮವನ್ನು ಸಮರ್ಥಿಸಿ ಲೇಖನವನ್ನೂ ಬರೆದರು. ಅವರಿಗೆ ಇದರಲ್ಲಿ ವಿರೋಧವೇನೂ ಕಂಡಿರಲಿಕ್ಕಿಲ್ಲ. ರೋಗಾಣುವಿನ ವಿಷಯದಲ್ಲಿ ಸಾಕ್ಷ್ಯವನ್ನು ಕೇಳಿದವರು ಪ್ರಾರ್ಥನೆಯ ವೇಳೆಯಲ್ಲಿ ಪ್ರಾರ್ಥಿಸಿದರು.

ಮುಂಬಯಿಯ ಪರೇಲ್‌ನಲ್ಲಿದ್ದ ಅವರ ಪ್ರಯೋಗಶಾಲೆಗೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ವಿವಾಹವಾಗದೆ ಉಳಿದಿದ್ದ ಅವರು 1929ರಲ್ಲಿ ತಮ್ಮ ಗಳಿಕೆಯಿಂದ ಪೂರ್ವ ಯುರೋಪಿನ ಧಾರ್ಮಿಕ ಪಾಠಶಾಲೆಗಳಿಗೆ ನೆರವಾಗಲು ನಿಧಿಯೊಂದನ್ನು ಸ್ಥಾಪಿಸಿದರು. ಮರುವರ್ಷ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು.