ಲೋಕವನ್ನು ಹಳಿಯದ ಅನುಭಾವಿ: ಪ್ಲೊಟೈನಸ್

ಪರತತ್ತ್ವವನ್ನು ಬಯಸುವವನು ಈ ಲೋಕವನ್ನು ದ್ವೇಷಿಸಲೇಬೇಕೆ? ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ರೋಮ್ ನಗರದ ಒಂದು ವಿದ್ವದ್ಗೋಷ್ಠಿಯಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಅದಕ್ಕೆ ಉತ್ತರವಿತ್ತವನು ಗ್ರೀಕ್ ತತ್ತ್ವಜ್ಞಾನದ ಮಹಾನುಭಾವಿಯಾದ ಪ್ಲೊಟೈನಸ್.

ಸುಮಾರು 205ರಲ್ಲಿ ಹುಟ್ಟಿದ ಈತನು ಈಜಿಪ್ಟ್ ದೇಶದವನೆಂದು ಪ್ರತೀತಿ. ತನ್ನ ಕುಲ, ತಾಯ್ತಂದೆ, ಜನ್ಮಸ್ಥಳಗಳ ವಿಷಯವನ್ನು ಮಾತ್ರ ಅವನು ಆಡುತ್ತಿರಲಿಲ್ಲ. 28ನೆಯ ವಯಸ್ಸಿನಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಗುರುವನ್ನರಸುತ್ತ ಹಲವು ಪಂಡಿತರ ಬಳಿಗೆ ಹೋಗಿ ನಿರಾಶನಾದನು. ಕೊನೆಗೆ ಅಮ್ಮೋನಿಯಸ್ ಸಕ್ಕಾಸನೆಂಬ ಗುರು ದೊರೆತನು. ಅವನಲ್ಲಿ 11 ವರ್ಷ ಶಿಷ್ಯವೃತ್ತಿ ನಡೆಯಿತು. ಬಳಿಕ ಪಾರಸಿಕರ ಮತ್ತು ಭಾರತೀಯರ ದರ್ಶನಗಳನ್ನು ಅರಿಯಬೇಕೆಂಬ ಹಂಬಲದಿಂದ 243ರಲ್ಲಿ ಮೂರನೆಯ ಗಾರ್ಡಿಯನ್ ಚಕ್ರವರ್ತಿಯ ಪಾರಸಿಕ ದಂಡಯಾತ್ರೆಯನ್ನು ಸೇರಿದನು. ಮರುವರ್ಷ ಚಕ್ರವರ್ತಿ ಮಡಿಯಲು, ಪ್ಲೊಟೈನಸನು ಪ್ರಯಾಸದಿಂದ ಪಾರಾಗಿ ಆಂಟಿಯೋಕ್ ನಗರವನ್ನು ತಲುಪಿದನು. ಭಾರತವನ್ನು ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ. 40ನೆಯ ವಯಸ್ಸಿನಲ್ಲಿ ರೋಮಿಗೆ ಬಂದು ಬೋಧನೆಗೆ ತೊಡಗಿದನು.

ದೇಹದಲ್ಲಿರುವುದಕ್ಕೇ ಅವನು ನಾಚುವಂತೆ ತೋರುತ್ತಿದ್ದನೆಂದು ಶಿಷ್ಯನಾದ ಪೊರ್ಫಿರಿ ಬರೆದಿದ್ದಾನೆ. ತನ್ನ ಚಿತ್ರವನ್ನು ಬರೆಯಿಸಲು ಅವನು ಒಪ್ಪಲಿಲ್ಲ. 263ರಲ್ಲಿ ಬಂದು ಸೇರಿದ ಪೊರ್ಫಿರಿಯು ತಾನು ಜೊತೆಗಿದ್ದ ಕಾಲದಲ್ಲಿ ಗುರುವಿಗೆ ನಾಲ್ಕು ಬಾರಿ ಆ ಪರಮ ಏಕದೊಡನೆ ಸಾಯುಜ್ಯವಾಯಿತೆನ್ನುತ್ತಾನೆ.

ಆ ಗೋಷ್ಠಿಗೆ ಗ್ನಾಸ್ಟಿಕರೆಂಬ ಪಂಥದವರೂ ಬರುತ್ತಿದ್ದರು. ನಮ್ಮ ನಾಸ್ತಿಕ ಶಬ್ದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಗ್ರೀಕಿನ ಗ್ನೋಸಿಸ್ ಎಂದರೆ ಜ್ಞಾನ, ಸಂಸ್ಕೃತದ ಜ್ಞಾ ಧಾತುವಿಗೆ ಅದು ಬಂಧು. ಆತ್ಮವು ದಿವ್ಯಧಾಮದಿಂದ ಇಳಿದು ಬಂದಿದೆ, ಮರಳಿ ಏರಬೇಕು, ಪರಮವಸ್ತು ಮಾತಿಗೆ ನಿಲುಕದು ಎಂಬುದರಲ್ಲಿ ಅವರೂ ಪ್ಲೊಟೈನಸನೂ ಸಮಾನರು. ಆದರೆ ಜಗತ್ತು ದುಷ್ಟ, ಅದನ್ನು ನಿರ್ಮಿಸಿದವನೂ ಕೆಟ್ಟವನು, ಗೂಢಜ್ಞಾನ ಪಡೆದ ತಾವೇ ಶ್ರೇಷ್ಠರು ಎಂಬುದು ಅವರ ವಾದ.

ಇಲ್ಲಿ ಪ್ಲೊಟೈನಸನು ದೃಢವಾಗಿ ಬೇರೆಯಾದನು. ಸೂರ್ಯನಿಂದ ಬೆಳಕು ಹೊಮ್ಮುವಂತೆ ಜಗತ್ತು ಪರಮ ಏಕದಿಂದ ಹೊಮ್ಮಿದೆ. ಮೂಲವನ್ನು ಪ್ರೀತಿಸುವವನು ಅದರ ಛಾಯೆಯನ್ನು ಹಳಿಯಲಾರನು. ಸದ್ಗುಣಗಳನ್ನು ಬೆಳೆಸಿಕೊಳ್ಳದೆ ದೇವರ ಮಾತಾಡುವುದು ಬರಿಯ ಹೆಸರಿನ ಉಚ್ಚಾರ. ಇವು ಅವನ ಖಂಡನೆಯ ಸಾರ. ಆ ಪಂಥವನ್ನು ಬಿಡದ ಕೆಲವರು ಅವನ ಮಿತ್ರರಾಗಿದ್ದರು. ಅವರ ಮೇಲಿನ ಗೌರವಕ್ಕೆ ಕುಂದು ತಾರದೆ, ತನ್ನ ಶಿಷ್ಯರು ದಾರಿ ತಪ್ಪದಿರಲೆಂದು ಅದನ್ನು ಬರೆದನು.

ನಡೆಯಲ್ಲಿಯೂ ಅವನ ಉತ್ತರ ಇದೇ ಆಗಿತ್ತು. ಮರಣಾಸನ್ನರಾದ ಅನೇಕ ಕುಲೀನರು ತಮ್ಮ ಮಕ್ಕಳನ್ನೂ ಆಸ್ತಿಯನ್ನೂ ಅವನಿಗೆ ಒಪ್ಪಿಸುತ್ತಿದ್ದರು. ಮನೆ ಮಕ್ಕಳಿಂದ ತುಂಬಿತ್ತು. ಪೊಟಮೋನ್ ಎಂಬ ಬಾಲಕನ ಪಾಠಗಳಿಗೆ ಅವನು ಕಿವಿಗೊಡುತ್ತಿದ್ದನು. ಮಕ್ಕಳ ಸ್ವತ್ತು ಕೆಡದಂತೆ ಲೆಕ್ಕಪತ್ರಗಳನ್ನು ತಾಳ್ಮೆಯಿಂದ ಪರಿಶೀಲಿಸುತ್ತಿದ್ದನು. ಈ ಹೊಣೆಯ ನಡುವೆಯೂ ಅವನ ಅಂತರ್ದೃಷ್ಟಿ ಸಡಿಲವಾಗಲಿಲ್ಲ.

270ರಲ್ಲಿ ಇಟಲಿಯ ಕಂಪಾನಿಯದಲ್ಲಿ ಅವನು ದೇಹವಿಟ್ಟನು. ಅವನ 54 ಪ್ರಬಂಧಗಳನ್ನು ಪೊರ್ಫಿರಿಯು ಒಂಬತ್ತರಂತೆ ಆರು ಗುಂಪು ಮಾಡಿ 'ಎನ್ನಿಯಡ್ಸ್' ಎಂಬ ಗ್ರಂಥವಾಗಿಸಿದನು. ಆ ಗೋಷ್ಠಿಯಲ್ಲಿ ಚರ್ಚೆಯಾಗುತ್ತಿದ್ದವೆಂದು ಪೊರ್ಫಿರಿ ಹೆಸರಿಸಿದ ಗ್ನಾಸ್ಟಿಕ ಗ್ರಂಥಗಳಲ್ಲಿ 'ಜೋಸ್ಟ್ರಿಯಾನೋಸ್', 'ಅಲ್ಲೋಗೆನೇಸ್' ಎಂಬ ಹೆಸರಿನವು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಭಾಷೆಯಲ್ಲಿ ದೊರೆತವು. ಅವುಗಳನ್ನು ಓದಿದರೆ ಎರಡು ಪಥಗಳು ಎಷ್ಟು ಹತ್ತಿರವಿದ್ದವೆಂಬುದು ತಿಳಿಯುತ್ತದೆ. ಅನಾಥ ಮಕ್ಕಳ ಲೆಕ್ಕವನ್ನು ನೋಡುತ್ತಿದ್ದ ಆ ಅನುಭಾವಿಯನ್ನು ನೆನೆದರೆ ಅವು ಎಲ್ಲಿ ಅಗಲಿದವೆಂಬುದೂ ತಿಳಿಯುತ್ತದೆ.